ಪಕ್ಕದ ತಾಲ್ಲೂಕಿನ ಮರಳುಗಾಡು



ಮರಳುಗಾಡು ಎಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ಒಂಟೆ, ದೊಡ್ಡ ರುಮಾಲು, ಜೈಸಲ್ಮೇರಿನ ಕೋಟೆ, ಈಜಿಪ್ಟಿನ ಪಿರಮಿಡ್ಡು. ನಮ್ಮಾಕೆಗೂ ಅಂಥದ್ದೊಂದು ಜಾಗ ನೋಡಬೇಕೆಂಬ ಆಸೆ ಬಹಳ ವರ್ಷಗಳದ್ದು. ನಮ್ಮ ಬೀದಿಯ ದಂಪತಿ ರಾಜಸ್ಥಾನಕ್ಕೆ ಹೋಗಿಬಂದು ಫೋಟೊ ತೋರಿಸಿದ ಮೇಲೆ ಆ ಆಸೆ ಇನ್ನಷ್ಟು ಹೆಚ್ಚಿತು. ಆದರೆ ಎಪ್ಪತ್ತು ದಾಟಿದ ಮಂಡಿಗಳು ಎರಡು ರಾತ್ರಿ ರೈಲಿನಲ್ಲಿ ಕೂರಲು ಒಪ್ಪಬೇಕಲ್ಲ!

"ಮರಳು ಇರ್ಬೇಕು, ಹಳೇ ಗುಡಿಗಳು ಇರ್ಬೇಕು, ಬಸ್ಸಲ್ಲೇ ಹೋಗೋ ಹಾಗೂ ಇರ್ಬೇಕು. ಅಂಥಾ ಊರು ಯಾವುದಿದೆ ಹೇಳಿ" ಎಂದಳು.

ಇದೆಯಲ್ಲ! ನಂಜನಗೂಡಿನವರಾದ ನಮಗೆ ಪಕ್ಕದ ತಾಲ್ಲೂಕಿನಲ್ಲೇ ಇದೆ. ತಿರುಮಕೂಡಲು ನರಸೀಪುರಕ್ಕೆ ಒಂದು ಬಸ್ಸು, ಅಲ್ಲಿಂದ ತಲಕಾಡಿಗೆ ಇನ್ನೊಂದು. ನರಸೀಪುರದ ನೆಂಟರ ಮನೆಯಲ್ಲಿ ಒಂದು ರಾತ್ರಿ ಉಳಿಯುವುದೆಂದು ನಿಶ್ಚಯಿಸಿ, ಒಂದು ಕೈಚೀಲ, ಎರಡು ಬಾಟಲಿ ನೀರು, ಒಂದು ಡಬ್ಬಿ ಚಿತ್ರಾನ್ನ ಹಿಡಿದು ಹೊರಟೆವು.

ಎರಡು ನದಿ, ಒಂದು ಗುಲಗಂಜಿ

ನಂಜನಗೂಡಿನ ಶ್ರೀಕಂಠೇಶ್ವರನ ಪಾದದ ಬಳಿ ಹರಿಯುವ ಕಪಿಲೆಯನ್ನು ನಾವು ದಿನವೂ ನೋಡುತ್ತೇವೆ. ಅದೇ ಕಪಿಲೆ ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಅಲ್ಲೇ ಸೇರುತ್ತದೆ ಎಂಬ ನಂಬಿಕೆಯಿಂದ ಅದು ತ್ರಿವೇಣಿ ಸಂಗಮ. 1989ರಿಂದ ಮೂರು ವರ್ಷಗಳಿಗೊಮ್ಮೆ ಅಲ್ಲಿ ಕುಂಭಮೇಳ ನಡೆಸುವ ಪದ್ಧತಿ ಬಂದಿದೆ.

ಸಂಗಮದ ಒಂದು ದಡದಲ್ಲಿ ಅಗಸ್ತ್ಯೇಶ್ವರ, ಇನ್ನೊಂದು ದಡದಲ್ಲಿ ಗುಂಜಾ ನರಸಿಂಹಸ್ವಾಮಿ. ಗುಂಜಾ ಎಂದರೆ ಗುಲಗಂಜಿ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎಂದು ಇಲ್ಲಿನ ಹಿರಿಯರು ಹೇಳುತ್ತಾರೆ. ಹಿಂದೆ ಚಿನಿವಾರರು ಚಿನ್ನ ತೂಗುತ್ತಿದ್ದುದು ಈ ಕೆಂಪು-ಕಪ್ಪು ಬೀಜದಿಂದಲೇ. ಮಕ್ಕಳೇ, ಗುಲಗಂಜಿ ನೋಡಲು ಎಷ್ಟು ಚೆಂದವೋ ಅಷ್ಟೇ ವಿಷ. ಕೈಯಲ್ಲಿ ಹಿಡಿದು ನೋಡಿ, ಬಾಯಿಗೆ ಮಾತ್ರ ಹಾಕಬೇಡಿ.

ಇಲ್ಲಿ ಒಂದು ವಿಷಯ ನೆನಪಿಟ್ಟುಕೊಳ್ಳಿ. ನದಿ ನೀರನ್ನಷ್ಟೇ ತರುವುದಿಲ್ಲ, ಮರಳನ್ನೂ ತರುತ್ತದೆ. ಬೆಟ್ಟದ ಕಲ್ಲು ಉರುಳಿ, ಒಡೆದು, ತಿಕ್ಕಿ, ಸವೆದು ಮರಳಾಗುತ್ತದೆ. ಕೊಡಗಿನಿಂದ ಬಂದ ಕಾವೇರಿಯ ಮರಳಿಗೆ ವಯನಾಡಿನ ಕಡೆಯಿಂದ ಬಂದ ಕಪಿಲೆಯ ಮರಳು ಇಲ್ಲಿ ಸೇರಿ, ಎರಡೂ ಒಂದಾಗಿ ಮುಂದೆ ತಲಕಾಡಿನ ಕಡೆಗೆ ಹೋಗುತ್ತವೆ.

ಮರಳು ನಡೆದುಬಂದ ಊರು

ತಲಕಾಡಿನಲ್ಲಿ ಕಾವೇರಿ ದೊಡ್ಡದಾಗಿ ಬಳಸಿ ತಿರುಗುತ್ತಾಳೆ. ಆ ತಿರುವಿನ ದಂಡೆಯ ಮೇಲೆ ಮರಳಿನ ದಿಬ್ಬಗಳು, ದಿಬ್ಬಗಳ ನಡುವಿನ ತಗ್ಗಿನಲ್ಲಿ ದೇವಸ್ಥಾನಗಳು. ಕಾಲಿಟ್ಟರೆ ಹಿಮ್ಮಡಿ ಹೂತುಹೋಗುತ್ತದೆ. ಎರಡು ಹೆಜ್ಜೆ ಮುಂದಿಟ್ಟರೆ ಒಂದು ಹೆಜ್ಜೆ ಹಿಂದೆ ಜಾರುತ್ತದೆ. ನಮ್ಮಾಕೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ನನ್ನ ತೋಳು ಹಿಡಿದು, "ರಾಜಸ್ಥಾನದಲ್ಲಿ ಒಂಟೆನಾದ್ರೂ ಇರ್ತಿತ್ತು" ಎಂದಳು.

ನಿಜ ಹೇಳಬೇಕೆಂದರೆ ಇದು ಮರಳುಗಾಡಲ್ಲ. ಭೂಗೋಳದ ಪುಸ್ತಕದ ಲೆಕ್ಕದಲ್ಲಿ ವರ್ಷಕ್ಕೆ 250 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ಕಡೆ ಮರಳುಗಾಡು. ಇಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು ಮಳೆಯಾಗುತ್ತದೆ. ಕೂಗಳತೆಯಲ್ಲಿ ಜೀವನದಿ, ಅದರಾಚೆ ಹಸಿರು ಗದ್ದೆ. ಹಾಗಾದರೆ ಇಷ್ಟೊಂದು ಮರಳು ಇಲ್ಲಿ ಹೇಗೆ ಬಂತು?

ಬರುವ ಮೊದಲು ಇದೇನು ಸಣ್ಣ ಹಳ್ಳಿಯಾಗಿರಲಿಲ್ಲ. ಕೋಲಾರದಿಂದ ಬಂದ ಗಂಗರಸರು ನೂರಾರು ವರ್ಷ ಇಲ್ಲಿಂದಲೇ ಆಳಿದರು. 11ನೆಯ ಶತಮಾನದ ಆರಂಭದಲ್ಲಿ ಚೋಳರು ಗೆದ್ದು ರಾಜರಾಜಪುರ ಎಂದು ಹೆಸರಿಟ್ಟರು. ಹೊಯ್ಸಳ ವಿಷ್ಣುವರ್ಧನ ಅವರನ್ನು ಸೋಲಿಸಿ 'ತಲಕಾಡುಗೊಂಡ' ಎಂಬ ಬಿರುದು ಪಡೆದ. ಆ ಗೆಲುವಿನ ನೆನಪಿಗೆ 1117ರ ಹೊತ್ತಿಗೆ ಕಟ್ಟಿಸಿದ್ದು ಕೀರ್ತಿನಾರಾಯಣ ದೇವಸ್ಥಾನ. ಒಂದೊಂದು ರಾಜವಂಶವೂ ಬಯಸಿ ಬಯಸಿ ಗೆದ್ದುಕೊಂಡ ಊರು ಇದು. ಕೊನೆಗೆ ಗೆದ್ದದ್ದು ಮರಳು.

ಅಲಮೇಲಮ್ಮನ ಕಥೆ

ನಮ್ಮ ಕಡೆ ಈ ಕಥೆ ಕೇಳದೆ ಬೆಳೆದ ಮಗುವಿಲ್ಲ. ಶ್ರೀರಂಗಪಟ್ಟಣದಲ್ಲಿ ವಿಜಯನಗರದ ಪ್ರತಿನಿಧಿಯಾಗಿದ್ದವನು ಕಾಯಿಲೆ ಬಿದ್ದು, ಗುಣವಾಗಲೆಂದು ತಲಕಾಡಿನ ವೈದ್ಯೇಶ್ವರನ ಸನ್ನಿಧಿಗೆ ಬಂದ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ವಶಪಡಿಸಿಕೊಂಡರು. ಅವನ ಹೆಂಡತಿ ಅಲಮೇಲಮ್ಮನ ಬಳಿ ರಂಗನಾಯಕಿ ಅಮ್ಮನವರ ಅಲಂಕಾರಕ್ಕೆ ಬಳಸುತ್ತಿದ್ದ ಒಡವೆಗಳಿದ್ದವು. ಅವನ್ನು ತರಲು ಅರಮನೆಯಿಂದ ಆಳುಗಳು ಬಂದರು. ಆಕೆ ಮುತ್ತಿನ ಮೂಗುತಿಯೊಂದನ್ನು ಕೊಟ್ಟು, ಉಳಿದದ್ದನ್ನು ಮಡಿಲಿಗೆ ಕಟ್ಟಿಕೊಂಡು ಕಾವೇರಿಗೆ ಹಾರಿದಳು. ಹಾರುವ ಮೊದಲು, ತಲಕಾಡು ಮರಳು ತುಂಬಿಹೋಗಲಿ, ಎದುರು ದಡದ ಮಾಲಂಗಿಯಲ್ಲಿ ನದಿ ಆಳದ ಮಡುವಾಗಲಿ, ಮೈಸೂರಿನ ಅರಸರಿಗೆ ಸಂತಾನ ಇಲ್ಲದಿರಲಿ ಎಂದು ಶಪಿಸಿದಳು. ಇದು ಜನರ ಬಾಯಲ್ಲಿ ಉಳಿದ ಕಥೆ. ಮೈಸೂರು ಅರಮನೆಯಲ್ಲಿ ಅಲಮೇಲಮ್ಮನ ಮೂರ್ತಿಗೆ ಪೂಜೆಯೂ ಸಲ್ಲುತ್ತದೆ.

ನಾವು ಕೀರ್ತಿನಾರಾಯಣನ ಗುಡಿಯ ಮುಂದೆ ಕುಳಿತಿದ್ದಾಗ ಶಾಲೆಯ ಮಕ್ಕಳ ಒಂದು ಗುಂಪು ಬಂತು. ಮೇಷ್ಟ್ರು ಇದೇ ಕಥೆ ಹೇಳಿ ಮುಗಿಸಿ ಮುಂದೆ ಹೋದರು. ಹಿಂದೆ ಉಳಿದ ಒಂದು ಪುಟ್ಟ ಹುಡುಗಿ ನಮ್ಮಾಕೆಯ ಹತ್ತಿರ ಬಂದು, "ಅಜ್ಜಿ, ಶಾಪ ಕೊಟ್ಟೋರು ಕೆಟ್ಟೋರಾ, ಒಡವೆ ಕೇಳಿದೋರು ಕೆಟ್ಟೋರಾ?" ಎಂದು ಕೇಳಿತು.

ನಮ್ಮಾಕೆ ಸ್ವಲ್ಪ ಯೋಚಿಸಿ, "ಗಂಡ ಸಾಯೋ ಹಾಗೆ ಮಲಗಿರುವಾಗ ಒಬ್ಬ ಹೆಂಗಸಿನ ಹಿಂದೆ ಆಳು ಅಟ್ಟಿದ್ದು ಸರಿ ಅಲ್ಲ ಕಣಮ್ಮ. ಜನ ಅದನ್ನ ಮರೀಬಾರದು ಅಂತಾನೇ ಈ ಕಥೆ ಇಟ್ಕೊಂಡಿದ್ದಾರೆ" ಎಂದಳು.

"ಹಾಗಾದ್ರೆ ಮರಳು ಶಾಪದಿಂದಾನೇ ಬಂತಾ?"

"ಅದನ್ನ ಈ ತಾತನ್ನ ಕೇಳು" ಎಂದು ನನ್ನ ಕಡೆ ತೋರಿಸಿದಳು. ಅಷ್ಟರಲ್ಲಿ ಮೇಷ್ಟ್ರು ಕರೆದರು, ಹುಡುಗಿ ಓಡಿಹೋಯಿತು. ಆ ಮಗು ಈ ಪುಟ ಓದುತ್ತಿದ್ದರೆ, ನನ್ನ ಉತ್ತರ ಇಲ್ಲಿದೆ.

ಗಾಳಿ, ಅಣೆಕಟ್ಟು, ಬಯಲಾದ ಮರಳು

ಪುಟ್ಟಮ್ಮ, ಮುಡುಕುತೊರೆ ಬೆಟ್ಟದ ಹತ್ತಿರ ಕಾವೇರಿಗೆ ಅಡ್ಡಲಾಗಿ ಮಾಧವಮಂತ್ರಿ ಅಣೆಕಟ್ಟು ಇದೆ. ವಿಜಯನಗರದ ಮಂತ್ರಿಯಾಗಿದ್ದ ಮಾಧವಮಂತ್ರಿಯ ಹೆಸರು ಅದಕ್ಕೆ. ಅವನ ಕಾಲ 14ನೆಯ ಶತಮಾನ, ಅಂದರೆ ಅಲಮೇಲಮ್ಮನ ಕಥೆಗೆ ಇನ್ನೂರಕ್ಕೂ ಹೆಚ್ಚು ವರ್ಷ ಮೊದಲು. ಅಣೆ ಕಟ್ಟಿ ನೀರನ್ನು ನಾಲೆಗೆ ತಿರುಗಿಸಿದ ಮೇಲೆ ಕೆಳಗಿನ ತಿರುವಿನಲ್ಲಿ ನೀರು ಕಡಿಮೆಯಾಗಿ, ಬೇಸಿಗೆಯಲ್ಲಿ ಮರಳಿನ ಪಾತ್ರ ಬಯಲಿಗೆ ಬಿತ್ತು ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ಭೂಮಿಯ ಒಳಗಿನ ಚಲನೆಯಿಂದ ನದಿಯ ಪಾತ್ರವೇ ಬದಲಾಯಿತು ಎನ್ನುವವರೂ ಇದ್ದಾರೆ. ಮರಳು ಒಮ್ಮೆ ಬಯಲಾದ ಮೇಲೆ ಉಳಿದ ಕೆಲಸ ಗಾಳಿಯದು.

ಆಷಾಢದ ಗಾಳಿ ನಿಮಗೆ ಗೊತ್ತಲ್ಲ, ಒಣಗಿಹಾಕಿದ ಬಟ್ಟೆಯನ್ನೇ ಹಾರಿಸಿಕೊಂಡು ಹೋಗುತ್ತದೆ. ಅದು ಬೀಸುವುದು ನೈಋತ್ಯದಿಂದ. ಆ ಗಾಳಿ ನದಿಯ ಕಡೆಯಿಂದ ಊರಿನ ಕಡೆಗೆ ಮರಳನ್ನು ತಳ್ಳುತ್ತದೆ. ಮರಳಿನ ಕಣ ಧೂಳಿನ ಹಾಗೆ ಆಕಾಶಕ್ಕೆ ಏರುವುದಿಲ್ಲ, ಅದಕ್ಕೆ ತೂಕ ಹೆಚ್ಚು. ಕಪ್ಪೆಯ ಹಾಗೆ ನೆಲದ ಮೇಲೆ ಕುಪ್ಪಳಿಸುತ್ತದೆ. ಒಂದು ಕಣ ಬಿದ್ದ ಕಡೆ ಇನ್ನೊಂದು ಎದ್ದು ಕುಪ್ಪಳಿಸುತ್ತದೆ. ಹೀಗೆ ದಿಬ್ಬದ ಒಂದು ಮಗ್ಗುಲಲ್ಲಿ ಮೇಲೇರಿ ಇನ್ನೊಂದು ಮಗ್ಗುಲಿಗೆ ಜಾರಿಬೀಳುತ್ತದೆ. ಕೋಟಿ ಕೋಟಿ ಕಣಗಳು ಹೀಗೆ ಜಾರಿದರೆ ಇಡೀ ದಿಬ್ಬವೇ ಒಂದಿಷ್ಟು ಮುಂದೆ ನಡೆದಂತೆ.

ಎಷ್ಟು ಮುಂದೆ? ಬಿ. ಎಲ್. ರೈಸ್ ಅವರ ಮೈಸೂರು ಗ್ಯಾಸೆಟಿಯರ್ 19ನೆಯ ಶತಮಾನದ ಲೆಕ್ಕ ಕೊಡುತ್ತದೆ: ವರ್ಷಕ್ಕೆ 9ರಿಂದ 10 ಅಡಿ. ಜನ ಮನೆಗಳನ್ನು ಬಿಟ್ಟು ಹಿಂದೆ ಹಿಂದೆ ಸರಿಯಬೇಕಾಗಿತ್ತು, 30ಕ್ಕೂ ಹೆಚ್ಚು ದೇವಸ್ಥಾನಗಳು ಮರಳಿನಡಿ ಇವೆಯೆಂದು ಹೇಳುತ್ತಾರೆ ಎಂದೂ ಅದರಲ್ಲಿದೆ.

ಬ್ಯಾಂಕಿನಲ್ಲಿ ಕೂಡಿ ಕಳೆದೇ ಕಾಲ ಕಳೆದವನು ನಾನು. ಲೆಕ್ಕ ಕಂಡರೆ ಕೈ ಸುಮ್ಮನಿರುವುದಿಲ್ಲ. ವರ್ಷಕ್ಕೆ 10 ಅಡಿ ಎಂದರೆ 30 ವರ್ಷಕ್ಕೆ 300 ಅಡಿ. ಒಬ್ಬಾತ ಮರಳಿನಿಂದ 300 ಅಡಿ ದೂರದಲ್ಲಿ ಮನೆ ಕಟ್ಟಿದ ಎಂದುಕೊಳ್ಳಿ. ಗೃಹಪ್ರವೇಶದ ದಿನ ಅದು ದೂರದ ದಿಬ್ಬ. ಮಗ ದೊಡ್ಡವನಾಗುವ ಹೊತ್ತಿಗೆ ಹಿತ್ತಿಲಿನಾಚೆ. ಮೊಮ್ಮಗ ಅಂಬೆಗಾಲಿಡುವ ಹೊತ್ತಿಗೆ ಹೊಸ್ತಿಲಲ್ಲಿ. 40 ಅಡಿ ಉದ್ದದ ಮನೆಯನ್ನು ದಾಟಲು ಅದಕ್ಕೆ ನಾಲ್ಕು ವರ್ಷ ಸಾಕು. ಯಾವ ವರ್ಷವೂ ಇದು ಪ್ರವಾಹದ ಹಾಗೆ ನುಗ್ಗಿ ಬರಲಿಲ್ಲ. ಹತ್ತು ಅಡಿ ತಾನೇ ಎಂದುಕೊಳ್ಳುವಷ್ಟು ಮೆಲ್ಲಗೆ ಬಂತು.

ಇನ್ನೊಂದು ಮಾತು. ಯಾವ ಅಣೆಕಟ್ಟಿನ ಮೇಲೆ ವಿದ್ವಾಂಸರು ಬೆರಳು ತೋರಿಸುತ್ತಾರೋ ಅದೇ ಅಣೆಕಟ್ಟಿನ ನಾಲೆಯಿಂದ ಇವತ್ತಿಗೂ ಸುತ್ತಲಿನ ಭತ್ತದ ಗದ್ದೆಗಳಿಗೆ ನೀರು ಹರಿಯುತ್ತದೆ. ನಾವು ಚಿತ್ರಾನ್ನದ ಡಬ್ಬಿ ತೆರೆದಾಗ ಇದೇ ಮಾತು ಬಂತು. ಆ ಅಕ್ಕಿಯೂ ಈ ಕಡೆಯದೇ ಇರಬಹುದು! ಜಮಾ ಒಂದು ಕಡೆ, ಖರ್ಚು ಒಂದು ಕಡೆ. ಪುಸ್ತಕ ಮಾತ್ರ ಒಂದೇ. ಅಣೆ ಕಟ್ಟಿದವರು ಕೆಟ್ಟವರಲ್ಲ, ಮುಂದೆ ಏನಾದೀತೆಂದು ಅವರಿಗೆ ಕಂಡಿರಲಿಲ್ಲ ಅಷ್ಟೆ. ನಾವು ನದಿಗೆ, ಕೆರೆಗೆ, ಮರಕ್ಕೆ ಕೈ ಹಾಕುವಾಗ ಮೊಮ್ಮಕ್ಕಳ ಪುಟವನ್ನೂ ಒಮ್ಮೆ ತಿರುಗಿಸಿ ನೋಡಬೇಕು.

ಮರಳು ಎತ್ತಿದವರು

ಈಗ ತಲಕಾಡಿಗೆ ಹೋದರೆ ನೆರಳಿನ ಚಪ್ಪರದ ದಾರಿಯಲ್ಲಿ ನಡೆದು, ಮೆಟ್ಟಿಲು ಇಳಿದು ಪಾತಾಳೇಶ್ವರ, ಮರುಳೇಶ್ವರ ಗುಡಿಗಳನ್ನು ನೋಡಬಹುದು. ಪಾತಾಳೇಶ್ವರ ಹೆಸರಿಗೆ ತಕ್ಕಂತೆ ತಗ್ಗಿನಲ್ಲಿದ್ದಾನೆ. ಅಲ್ಲಿನ ಲಿಂಗ ಹೊತ್ತಿಗೊಂದು ಬಣ್ಣದಲ್ಲಿ ಕಾಣುತ್ತದೆ ಎಂದು ಹೇಳುತ್ತಾರೆ. ಎಲ್ಲಕ್ಕಿಂತ ದೊಡ್ಡದು ವೈದ್ಯೇಶ್ವರನ ಗುಡಿ, ಬಾಗಿಲಲ್ಲಿ ಎತ್ತರದ ದ್ವಾರಪಾಲಕರು. ತಲ, ಕಾಡ ಎಂಬ ಇಬ್ಬರು ಬೇಡರು ಮರಕ್ಕೆ ಕೊಡಲಿ ಹಾಕಿದಾಗ ರಕ್ತ ಸುರಿಯಿತು, ಆ ಮರದ ಎಲೆ-ಕಾಯಿಯಿಂದಲೇ ಗಾಯ ವಾಸಿಯಾಯಿತು, ತನಗೆ ತಾನೇ ವೈದ್ಯನಾದ ದೇವರೇ ವೈದ್ಯೇಶ್ವರ ಎಂದು ಸ್ಥಳಪುರಾಣ. ಊರಿನ ಹೆಸರೂ ಆ ಇಬ್ಬರಿಂದಲೇ ಬಂತಂತೆ. ಈ ಮೂವರ ಜೊತೆಗೆ ವಿಜಯಾಪುರದ ಅರ್ಕೇಶ್ವರ, ಮುಡುಕುತೊರೆ ಬೆಟ್ಟದ ಮಲ್ಲಿಕಾರ್ಜುನ ಸೇರಿದರೆ ಪಂಚಲಿಂಗ. ಕಾರ್ತಿಕ ಮಾಸದಲ್ಲಿ ವಿಶೇಷ ಯೋಗ ಕೂಡಿಬಂದ ವರ್ಷ ಮಾತ್ರ ಪಂಚಲಿಂಗ ದರ್ಶನ. 2009, 2013, 2020ರಲ್ಲಿ ನಡೆದಿತ್ತು.

ನಾನು ಮುಖ್ಯವಾಗಿ ಹೇಳಬೇಕೆಂದಿದ್ದು ಇದು. ರೈಸ್ ಅವರ ಕಾಲದಲ್ಲಿ ಕೀರ್ತಿನಾರಾಯಣನ ಗುಡಿ ಮರಳಿನಡಿ ಹೂತಿತ್ತು. ಆಗಾಗ ಕೆಲವು ಪೂಜೆಗಳಿಗಾಗಿ, ಒಳಗೆ ಹೋಗಲು ದಾರಿಯಾಗುವಷ್ಟು ಮರಳನ್ನು ಜನ ಬಹಳ ಕಷ್ಟಪಟ್ಟು ತೆಗೆಯುತ್ತಿದ್ದರಂತೆ. ಸ್ವಲ್ಪ ಯೋಚಿಸಿ. ಇವತ್ತು ಬುಟ್ಟಿಗಟ್ಟಲೆ ಎತ್ತಿ ಹಾಕಿದ ಮರಳು ಮುಂದಿನ ಆಷಾಢಕ್ಕೆ ಮತ್ತೆ ಬಂದು ತುಂಬುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಎತ್ತಿದರು. ಅವರ ಮಕ್ಕಳೂ ಎತ್ತಿದರು. ಈ ಮರಳಿನ ಕೆಳಗೆ ಒಂದು ಗುಡಿಯಿದೆ, ಅದರ ಬಾಗಿಲು ಈ ಕಡೆಗಿದೆ ಎಂಬ ವಿಷಯ ಒಬ್ಬರಿಂದ ಒಬ್ಬರಿಗೆ ಉಳಿದುಬಂದದ್ದು ಹೀಗೆ. ಆಮೇಲೆ ಪ್ರಾಚ್ಯವಸ್ತು ಇಲಾಖೆಗಳವರು ಬಂದರು. 1990ರ ದಶಕದಲ್ಲಿ ರಾಜ್ಯ ಇಲಾಖೆ ಇಲ್ಲಿ ಉತ್ಖನನ ನಡೆಸಿ, ಮರಳಿನಡಿಯಿಂದ ಇನ್ನಷ್ಟು ಹಳೆಯ ಕಟ್ಟಡಗಳ ಅವಶೇಷಗಳನ್ನು ತೆರೆದು ತೋರಿಸಿತು. ದಿಬ್ಬಗಳ ಮೇಲೆ ನೆಟ್ಟು ಬೆಳೆಸಿದ ನೀಲಗಿರಿ ಮರಗಳು ಈಗ ಗಾಳಿಗೆ ತಡೆಯಾಗಿ ನಿಂತಿವೆ, ಬೇರುಗಳು ಮರಳನ್ನು ಹಿಡಿದುಕೊಂಡಿವೆ.

ಮರಳು ಮುಚ್ಚಿದ ಕಥೆ ನಮಗೆಲ್ಲ ಬಾಯಿಪಾಠ. ಮರಳು ಎತ್ತಿದವರ ಕಥೆಯನ್ನು ಯಾರೂ ಹೇಳುವುದಿಲ್ಲ. ಮಾರನೆಯ ದಿನ ಬನ್ನೂರಿನ ದಾರಿಯಲ್ಲಿರುವ ಸೋಮನಾಥಪುರಕ್ಕೆ ಹೋದಾಗ ಇದು ಇನ್ನಷ್ಟು ಮನಸ್ಸಿಗೆ ತಟ್ಟಿತು. ಸೋಮನಾಥ ದಂಡನಾಯಕ ಕಟ್ಟಿಸಿದ ಕೇಶವ ದೇವಾಲಯ ಅದು. 2023ರಲ್ಲಿ ಬೇಲೂರು, ಹಳೇಬೀಡುಗಳ ಜೊತೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿನ ವಿಗ್ರಹಗಳ ಕೆಳಗೆ ಮಲ್ಲಿತಮ್ಮ ಮುಂತಾದ ಶಿಲ್ಪಿಗಳು ತಮ್ಮ ಹೆಸರು ಕೆತ್ತಿಕೊಂಡಿದ್ದಾರೆ. ಏಳೂವರೆ ನೂರು ವರ್ಷದ ಮೇಲೂ ನಾವು ಆ ಹೆಸರು ಓದಬಹುದು. ತಲಕಾಡಿನಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತವರ ಒಂದು ಹೆಸರೂ ಎಲ್ಲೂ ಕೆತ್ತಿಲ್ಲ. ಅವರಿಲ್ಲದಿದ್ದರೆ ಕೀರ್ತಿನಾರಾಯಣನ ಬಾಗಿಲಿಗೆ ದಾರಿಯೇ ಮುಚ್ಚಿಹೋಗುತ್ತಿತ್ತು.

ಅಜ್ಜ-ಅಜ್ಜಿಯರೇ, ನಮ್ಮ ಪಾಲಿಗೂ ಇಂಥದ್ದೇ ಒಂದು ಕೆಲಸ ಉಳಿದಿದೆ. ನಿಮ್ಮೂರಿನ ಬತ್ತಿದ ಕಲ್ಯಾಣಿ ಎಲ್ಲಿತ್ತು, ಹೊಲದ ಬದುವಿನಲ್ಲಿ ನಿಂತ ವೀರಗಲ್ಲು ಯಾವುದು, ರಸ್ತೆ ಅಗಲ ಮಾಡುವಾಗ ಹೋದ ಅರಳಿಕಟ್ಟೆ ಹೇಗಿತ್ತು ಎಂದು ಬಲ್ಲವರು ಇನ್ನು ನೀವೇ. ಮೊಮ್ಮಕ್ಕಳ ಕೈಹಿಡಿದು ಒಂದು ಭಾನುವಾರ ಅಲ್ಲಿಗೆ ಕರೆದುಕೊಂಡು ಹೋಗಿ ತೋರಿಸಿ.

ಹೋಗುವವರಿಗೆ ನಾಲ್ಕು ಮಾತು

ಬೆಳಿಗ್ಗೆ ಬೇಗ ಹೋಗಿ, ಹತ್ತು ಗಂಟೆಯ ಮೇಲೆ ಮರಳು ಕಾಯುತ್ತದೆ. ವಯಸ್ಸಾದವರು ಊರುಗೋಲು ಹಿಡಿದು, ಪೂರ್ತಿ ಪಾದ ಊರಿ, ಸಣ್ಣ ಹೆಜ್ಜೆ ಇಡಿ; ಚಪ್ಪರದ ದಾರಿ ಬಿಟ್ಟು ದಿಬ್ಬ ಹತ್ತುವ ಸಾಹಸ ಬೇಡ. ಮಕ್ಕಳೇ, ಕಾವೇರಿ ಇಲ್ಲಿ ಆಳವಿಲ್ಲದಂತೆ ಕಾಣುತ್ತಾಳೆ, ಆದರೆ ಎಲ್ಲಿ ಗುಂಡಿಯಿದೆ, ಎಲ್ಲಿ ಸೆಳವಿದೆ ಎಂದು ದಡದಿಂದ ತಿಳಿಯುವುದಿಲ್ಲ. ದೊಡ್ಡವರಿಲ್ಲದೆ ನೀರಿಗೆ ಇಳಿಯಬೇಡಿ. ಕಲ್ಲಿನ ಮೇಲೆ ಹೆಸರು ಗೀಚಬೇಡಿ. ತಿಂಡಿಯ ಪೊಟ್ಟಣ ನಿಮ್ಮ ಚೀಲದಲ್ಲೇ ವಾಪಸ್ಸು ಬರಲಿ. ಮರಳು ಗುಡಿಯನ್ನು ಮುಚ್ಚಿತ್ತು ನಿಜ, ಆದರೆ ಕಾಪಾಡಿಯೂ ಇತ್ತು. ಪ್ಲಾಸ್ಟಿಕ್ಕಿಗೆ ಮುಚ್ಚುವುದಷ್ಟೇ ಗೊತ್ತು.

ಈ ವಾರದ ಮನೆಕೆಲಸ

ಒಂದು ಪೇಪರ್ ಹಾಸಿ, ಅಮ್ಮನನ್ನು ಕೇಳಿ ಒಂದು ಲೋಟ ರಾಗಿ ತಂದು, ಒಂದೇ ಕಡೆ ಮೆಲ್ಲಗೆ ಸುರಿಯಿರಿ. ಗುಡ್ಡೆ ಒಂದು ಮಟ್ಟಕ್ಕೆ ಏರಿದ ಮೇಲೆ, ಎಷ್ಟು ಸುರಿದರೂ ಅದರ ಇಳಿಜಾರು ಇನ್ನಷ್ಟು ಕಡಿದಾಗುವುದಿಲ್ಲ. ಕಾಳು ಜಾರಿ ಗುಡ್ಡೆ ಅಗಲವಾಗುತ್ತದೆ. ನಿಮ್ಮ ಕಂಪಾಸ್ ಪೆಟ್ಟಿಗೆಯ ಕೋನಮಾಪಕವನ್ನು ಪಕ್ಕದಲ್ಲಿಟ್ಟು ಆ ಇಳಿಜಾರು ಎಷ್ಟು ಡಿಗ್ರಿ ಇದೆ ನೋಡಿ. ಆಮೇಲೆ ಅದೇ ರೀತಿ ಒಣ ಮರಳು ಸುರಿದು ಅಳೆಯಿರಿ. ಎರಡೂ ಲೆಕ್ಕವನ್ನು ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ಜೊತೆಗೆ ನಿಮ್ಮ ತಾತ ಅಥವಾ ಅಜ್ಜಿಯನ್ನು ಕೇಳಿ, ಈಗ ಕಾಣದಂತಾದ ನಿಮ್ಮೂರಿನ ಒಂದು ಜಾಗದ ಬಗ್ಗೆ ನಾಲ್ಕು ಸಾಲು ಬರೆಯಿರಿ. ರಾಗಿಯನ್ನು ಮಾತ್ರ ಮರೆಯದೆ ಡಬ್ಬಕ್ಕೆ ವಾಪಸ್ಸು ಹಾಕಿ!